ತುಂಬಿದ ದೋಣಿಯ ಚಿತ್ರ

ರೋಲಾಂದ್ ಹುಟ್ಟಿದ್ದು ದೋಣಿಯಲ್ಲಿ. ಅದೂ ದಡಕ್ಕೆ ಕಟ್ಟಿದ ದೋಣಿಯಲ್ಲ, ಕಲ್ಲಿದ್ದಲು ಹೇರಿಕೊಂಡು ಹೋಗುತ್ತಿದ್ದ ದೋಣಿ. ಹುಟ್ಟಿದ ಊರು ಯಾವುದೆಂದು ಕೇಳಿದರೆ ಅವಳ ತಾಯಿ, "ಊರೆಲ್ಲಿ ಬಂತು, ಎರಡು ತೂಬುಗಳ ಮಧ್ಯೆ" ಎನ್ನುತ್ತಿದ್ದಳಂತೆ. ತೂಬೆಂದರೆ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಕಟ್ಟೆಬಾಗಿಲು. ಮದುವೆಯಾಗಿ ಹೋದದ್ದು ಇನ್ನೊಂದು ದೋಣಿಗೆ. ಗಂಡ ಅಶೀಲ್‌ನ ಸರಕಿನ ದೋಣಿಗೆ ಅವನ ಅಜ್ಜಿಯ ಹೆಸರಿಟ್ಟಿದ್ದರು, ಲಿಯೊನೀ ಎಂದು. ಗೋಧಿ, ಮರಳು, ಸಕ್ಕರೆ ಗೆಡ್ಡೆ, ಸಿಕ್ಕಿದ್ದನ್ನು ಹೇರಿಕೊಂಡು ಸೇನ್ ನದಿಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುವುದೇ ಇಬ್ಬರ ಸಂಸಾರವಾಗಿತ್ತು. ಎಂಜಿನ್ನು, ಹಗ್ಗ ಅಶೀಲ್‌ನ ಪಾಲು. ಚುಕ್ಕಾಣಿ ರೋಲಾಂದಳ ಪಾಲು. ದೋಣಿಯವರಲ್ಲಿ ಹೆಚ್ಚಿನ ಮನೆಗಳಲ್ಲಿ ಹಾಗೆಯೇ. ಇಬ್ಬರು ಮಕ್ಕಳು ದೋಣಿಯವರ ವಸತಿ ಶಾಲೆಯಲ್ಲಿ ಓದಿ ನೆಲದ ಮೇಲಿನ ಕೆಲಸಗಳಿಗೆ ಸೇರಿಕೊಂಡರು.

ಅರವತ್ತು ದಾಟಿದ ಮೇಲೆ ಗಂಡ ಹೆಂಡತಿ ನಮ್ಮ ಊರು ಮೊಂತ್ರಿವೆಯಲ್ಲಿ ಮನೆ ಮಾಡಿದರು. ನದಿಯ ದಂಡೆಯ ಬೀದಿಯಲ್ಲಿ ನನ್ನ ಮನೆಯಿಂದ ಸ್ವಲ್ಪ ಆಚೆ. ಅಲ್ಲಿ ನಮ್ಮ ದಂಡೆಗೂ ನಡುಗಡ್ಡೆಗೂ ನಡುವೆ ನದಿಯ ಒಂದು ಕಿರಿದಾದ ಕವಲು ಹರಿಯುತ್ತದೆ. ಲಿಯೊನೀಯನ್ನು ಆಚೆ ದಡದಲ್ಲಿ, ನಡುಗಡ್ಡೆಯ ಪಾಪ್ಲರ್ ಮರಗಳ ಮುಂದೆ ಕಟ್ಟಿದ್ದರು. ಅಶೀಲ್ ದಿನಾ ಬೆಳಿಗ್ಗೆ ಕಾಫಿ ಕುಡಿದು, ಟೋಪಿ ಹಾಕಿಕೊಂಡು, ಪುಟ್ಟ ತೆಪ್ಪದಲ್ಲಿ ಹುಟ್ಟು ಹಾಕುತ್ತ ಅಲ್ಲಿಗೆ ಹೋಗುತ್ತಿದ್ದ. ತುಕ್ಕು ಕೆರೆಯುವುದು, ಎಣ್ಣೆ ಬಿಡುವುದು, ಹಗ್ಗ ಸುತ್ತುವುದು. ಮಧ್ಯಾಹ್ನ ಊಟಕ್ಕೆ ವಾಪಸು. ರೋಲಾಂದ್ ಮಾತ್ರ ನೆಲಕ್ಕೆ ಬಂದ ಮೇಲೆ ಒಂದು ಸಲವೂ ಆ ಕಡೆ ಹೋಗಲಿಲ್ಲ. "ನಲವತ್ತು ವರ್ಷ ಲಿಯೊನೀ ನನ್ನನ್ನ ಹೊತ್ಕೊಂಡಿದ್ಲು, ನಾನು ಅವಳನ್ನ. ಇಬ್ಬರಿಗೂ ಸಾಕಾಗಿದೆ" ಎನ್ನುತ್ತಿದ್ದಳು.

ಅವಳು ಚಿತ್ರ ಬರೆಯಲು ಕಲಿತದ್ದು ಜಗಳದಿಂದ. ಗುರುವಾರ ಬೆಳಿಗ್ಗೆ ನಾವು ಏಳೆಂಟು ಜನ ದಂಡೆಯ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ನದಿಯನ್ನು ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದೆವು. ಡ್ರಾಯಿಂಗ್ ಮೇಡಂ ಆಗಿ ನಿವೃತ್ತರಾದ ಫೋವೆಲ್ ನಮಗೆಲ್ಲ ಗುರು. ನಾವು ಕೂತ ಜಾಗ ರೋಲಾಂದ್ ಬಟ್ಟೆ ಹರವುವ ಹಗ್ಗದ ಪಕ್ಕದಲ್ಲಿತ್ತು.

"ನಿಮ್ಮ ನೀಲಿ ಬಣ್ಣ ನನ್ನ ಹಾಸಿಗೆ ಬಟ್ಟೆಗೆ ಹತ್ತಿದ್ರೆ ಒಗೆಯೋಳು ಯಾರು?" ಎಂದು ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು.

"ನೀವೇ ಒಗೀಬೇಕಾಗುತ್ತೆ. ಅದಕ್ಕೆ ಬದಲಿಗೆ ಒಂದು ಬ್ರಷ್ ಕೊಡ್ತೀನಿ, ತಗೊಳ್ಳಿ" ಎಂದರು ಫೋವೆಲ್ ಮೇಡಂ.

ಮೊದಲ ಚಿತ್ರ ನೋಡಿ ನಾವೆಲ್ಲ ನಗು ತಡೆದುಕೊಂಡೆವು. ನದಿಯ ನಡುವೆ ಒಂದು ಹಳದಿ ಗುಡ್ಡ ಬರೆದಿದ್ದಳು.

"ರೋಲಾಂದ್, ಇದೇನು?"

"ಮರಳು ದಿಬ್ಬ."

"ನನಗೆ ಕಾಣಿಸ್ತಿಲ್ವಲ್ಲ?"

"ನೀರೊಳಗಿದೆ ಮೇಡಂ. ಸೇತುವೆ ದಾಟಿದ ಕೂಡ್ಲೆ ಎಡಕ್ಕೆ ತಿರುಗಿಸದಿದ್ರೆ ತಗಲಾಕಿಕೊಳ್ಳುತ್ತೆ."

"ಹಾಗಾದ್ರೆ ಅದು ನೀರೊಳಗೇ ಇರ್ಲಿ. ನೀರಿನ ಮೇಲೆ ಏನಿದೆಯೋ ಅಷ್ಟೇ ಬರೀರಿ."

ಇದು ಅವಳಿಗೆ ಬಹಳ ಕಷ್ಟವಾಯಿತು. ನದಿಯೆಂದರೆ ಅವಳಿಗೆ ಅಡಿಯಲ್ಲಿರುವುದು. ಎಲ್ಲಿ ಆಳ, ಎಲ್ಲಿ ಹಳೆಯ ಸೇತುವೆಯ ಮುರಿದ ಕಂಬ, ಎಲ್ಲಿ ಸೆಳವು. ಅದನ್ನೆಲ್ಲ ಮರೆತು, ಕಣ್ಣು ಅರ್ಧ ಮುಚ್ಚಿ, ಬರೀ ಬಣ್ಣದ ತೇಪೆಗಳಾಗಿ ನೀರನ್ನು ನೋಡಲು ಅವಳಿಗೆ ಎರಡು ಚಳಿಗಾಲ ಹಿಡಿಯಿತು. ಕಲಿತ ಮೇಲೆ ನಮ್ಮೆಲ್ಲರಿಗಿಂತ ಕಟ್ಟುನಿಟ್ಟಾದಳು. ಪ್ಯಾಲೆಟ್ ಮೇಲೆ ಕಪ್ಪು ಬಣ್ಣ ಇಡುತ್ತಿರಲಿಲ್ಲ. ನೆರಳಿಗೆ ನೀಲಿ, ಕಡುಗೆಂಪು, ಸ್ವಲ್ಪ ಕಂದು. ಎರಡು ಬಣ್ಣ ಕಲಸಿ ಮೂರನೆಯದು ಮಾಡುವುದಕ್ಕಿಂತ ಅವೆರಡನ್ನೂ ಪಕ್ಕ ಪಕ್ಕ ಇಟ್ಟು ಬಿಡುತ್ತಿದ್ದಳು, ದೂರದಿಂದ ನೋಡುವವರ ಕಣ್ಣೇ ಕಲಸಿಕೊಳ್ಳಲಿ ಎಂದು. ಬೆಳಕು ಬದಲಾದ ಕೂಡಲೇ ಬ್ರಷ್ಷು ಕೆಳಗೆ. "ಇನ್ನೊಂಚೂರು ಮುಗಿಸಿಬಿಡಿ" ಎಂದರೆ, "ಯಾವುದನ್ನ ನೋಡಿ ಮುಗಿಸ್ಲಿ? ಅದು ಹೋಯ್ತಲ್ಲ" ಎನ್ನುತ್ತಿದ್ದಳು.

ಹಳೆಯ ದೋಣಿಗಳನ್ನು ಸರಕಾರವೇ ಕೊಂಡು ಒಡೆಸುತ್ತಿದ್ದ ವರ್ಷಗಳು ಅವು. ದಂಡೆಯ ಒಂದೊಂದೇ ದೋಣಿ ಹೋಗುತ್ತಿತ್ತು. ಅಶೀಲ್ ಬಹಳ ದಿನ ತಡೆದುಕೊಂಡ. ಕೊನೆಗೆ ತಳದ ತಗಡು ತೆಳ್ಳಗಾಗಿದೆಯೆಂದು ಪರೀಕ್ಷೆಯವರು ಹೇಳಿದ ಮೇಲೆ ಅವನೂ ಒಪ್ಪಿದ. ಅಕ್ಟೋಬರ್ ಕೊನೆಯಲ್ಲಿ ಎಳೆದೋಣಿ ಬಂದು ಲಿಯೊನೀಯನ್ನು ಒಡೆಯುವ ಅಂಗಳಕ್ಕೆ ಕೊಂಡೊಯ್ಯುವುದೆಂದು ನಿಶ್ಚಯವಾಯಿತು.

ಹಾಗೆ ನಿಶ್ಚಯವಾದ ದಿನ ಅಶೀಲ್ ಮೊದಲ ಸಲ ಹೆಂಡತಿಯ ಈಸಲ್ ಹತ್ತಿರ ಬಂದು ನಿಂತ. ನಾನು ಪಕ್ಕದಲ್ಲೇ ಇದ್ದೆ.

"ರೋಲಾಂದ್, ಅವಳನ್ನ ಬರೆದುಕೊಡೇ. ಅಡಿಗೆಮನೇಲಿ ಹಾಕೋಣ."

ಅವಳು ಅವನ ಮುಖ ನೋಡಿದಳು. "ಆಯ್ತು" ಎಂದಳು, ಅಷ್ಟೇ.

ಎರಡು ಬೆಳಿಗ್ಗೆ ಕೂತು ಬರೆದಳು. ಒಳ್ಳೆಯ ಚಿತ್ರ. ಹಳದಿ ತಿರುಗಿದ ಪಾಪ್ಲರ್ ಸಾಲಿನ ಮುಂದೆ ಲಿಯೊನೀಯ ಎತ್ತರದ ಕಪ್ಪನೆ ಪಕ್ಕ, ಅದರ ಪ್ರತಿಬಿಂಬ ನಮ್ಮ ದಂಡೆಯ ತನಕ ಚಾಚಿ ಅರ್ಧ ನದಿಯನ್ನೇ ಮಬ್ಬು ಮಾಡಿತ್ತು. ಅಶೀಲ್ ಬಂದು ಟೋಪಿ ತೆಗೆದು ನೋಡಿದ. ಹಗ್ಗ ಇಲ್ಲ, ಲಂಗರು ಇಲ್ಲ, ಹೆಸರಿನ ಅಕ್ಷರ ಇಲ್ಲ ಎಂದು ತಕರಾರು ಮಾಡುತ್ತಾನೆಂದು ನಾನು ಕಾದಿದ್ದೆ. ಅವನು ಅದರ ಮಾತೇ ಎತ್ತಲಿಲ್ಲ. ದಟ್ಟ ಮಂಜಿನಲ್ಲಿ ಇದಕ್ಕಿಂತ ಕಡಿಮೆ ಕಂಡರೂ ಅವನಿಗೆ ಲಿಯೊನೀಯ ಗುರುತು ಹತ್ತುತ್ತಿತ್ತು.

"ಇದು ಖಾಲಿ" ಎಂದ.

"ಏನು ಖಾಲಿ?"

"ದೋಣಿ ಖಾಲಿ ಕಣೇ. ನೋಡು ಎಷ್ಟು ಎತ್ತರ ನಿಂತಿದೆ. ಉಪವಾಸ ಬಿದ್ದ ಹಸು ಹಾಗೆ."

"ಖಾಲಿ ಇದೆ, ಖಾಲಿ ಬರೆದಿದ್ದೀನಿ."

"ಯಾರ ಮನೇಲಾದ್ರೂ ಖಾಲಿ ದೋಣಿ ಚಿತ್ರ ನೋಡಿದ್ದೀಯಾ ನೀನು? ನಮ್ಮಪ್ಪನ ಫೋಟೋ, ನಿಮ್ಮಪ್ಪನ ಫೋಟೋ, ಎಲ್ಲದರಲ್ಲೂ ಅಂಚಿನ ತನಕ ತುಂಬಿಲ್ವಾ? ಬಂದವರು ಏನಂದ್ಕೋಬೇಕು? ಅಶೀಲ್‌ಗೆ ಸರಕು ಸಿಗ್ತಿರ್ಲಿಲ್ಲ ಅಂತಾನಾ?"

ಇದನ್ನು ದೋಣಿಯವರಲ್ಲದವರಿಗೆ ಹೇಳಿದರೆ ನಗಬಹುದು. ದೋಣಿ ಖಾಲಿ ಎಂದರೆ ಕೆಲಸವಿಲ್ಲದೆ ದಡದಲ್ಲಿ ಕಾಯುವುದು. ತುಂಬಿದ ದೋಣಿ ನೀರಿನೊಳಗೆ ಕೂತಿರುತ್ತದೆ, ಅಂಚು ಮಾತ್ರ ಮೇಲೆ. ಹೆಣಗಿ ದುಡಿದದ್ದೆಲ್ಲ ಹಾಗೆ ಕೂತ ದೋಣಿಯಲ್ಲಿ. ಅಶೀಲ್‌ಗೆ ಬೇಕಾಗಿದ್ದದ್ದು ಆ ಲಿಯೊನೀ. ಅವನ ಬಳಿ ಅಂಥ ಒಂದು ಫೋಟೋವೂ ಇರಲಿಲ್ಲ. ಇದ್ದ ಒಂದು ನೆನೆದು ಹಾಳಾಗಿತ್ತು.

"ನೀರಿನ ಗೆರೆ ಒಂಚೂರು ಮೇಲೆ ಮಾಡು. ಅಷ್ಟೇ ತಾನೆ? ನಿನಗೆ ಗೊತ್ತಿಲ್ವಾ ಅವಳು ಹೇಗೆ ಕೂರ್ತಿದ್ಲು ಅಂತ!"

"ಗೊತ್ತಿಲ್ಲ."

"ನಲವತ್ತು ವರ್ಷ ಓಡಿಸಿ ಗೊತ್ತಿಲ್ವಾ?"

"ಓಡಿಸೋವಾಗ ನಾನು ಒಳಗಿದ್ದೆ ಕಣೋ! ಸರಕಿನ ಮೇಲಿನ ಮುಚ್ಚಳದ ಬೆನ್ನು ನೋಡಿದ್ದೀನಿ. ಇಷ್ಟು ದೂರ ನಿಂತು ಅವಳನ್ನ ಯಾವತ್ತು ನೋಡಿದ್ದೆ? ದಡಕ್ಕೆ ಕಟ್ಟಿದ್ರೆ ಬ್ರೆಡ್ ತರೋಕೆ ಓಡ್ಬೇಕು, ಬಟ್ಟೆ ಒಗೀಬೇಕು. ನೀನು ನೋಡಿದ್ದೀಯಾ?"

ಅಶೀಲ್ ಟೋಪಿ ಹಾಕಿಕೊಂಡು ಹೋದ.

ಆದರೂ ಅವಳು ಪ್ರಯತ್ನಪಟ್ಟಳು. ಮಾರನೆಯ ದಿನ ಇನ್ನೊಂದು ಕ್ಯಾನ್ವಾಸ್ ತೆಗೆದುಕೊಂಡು ದೋಣಿಯ ಗೆರೆಯನ್ನು ಕೆಳಗಿಳಿಸಿ ಬರೆದಳು. ದೋಣಿ ಕೆಳಗಿಳಿಯಿತು, ಸುತ್ತಲಿನ ನೀರಿಗೆ ಅದು ಗೊತ್ತಾಗಲಿಲ್ಲ. ನೆರಳು ಎಲ್ಲಿಯ ತನಕ ಬರಬೇಕು, ಅದರಾಚೆ ಏನು ಹೊಳೆಯಬೇಕು, ದೋಣಿಯ ಹಿಂದೆ ಈಗ ಏನು ಕಾಣಬೇಕು, ಒಂದೂ ತೋಚದೆ ಬ್ರಷ್ಷು ಅಲ್ಲೇ ಉಜ್ಜುತ್ತ ಕೂತಳು. ಹಳದಿ, ನೀಲಿ ಎಲ್ಲ ಸೇರಿ ಪಾತ್ರೆ ತೊಳೆದ ನೀರಿನ ಬಣ್ಣವಾಯಿತು. ದೋಣಿ ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಹಾಗಿತ್ತು. ಫೋವೆಲ್ ಮೇಡಂ ಹಿಂದೆ ನಿಂತು ನೋಡಿದರು. ರೋಲಾಂದ್ ಚಪ್ಪಟೆ ಚಾಕು ತೆಗೆದು ಬಣ್ಣವನ್ನೆಲ್ಲ ಕೆರೆದು, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ಹಾಕಿದಳು.

"ಮೊದಲಿನದ್ದನ್ನೇ ಕೊಟ್ಟುಬಿಡಿ. ಚೆನ್ನಾಗಿದೆ ಅದು" ಎಂದೆ ನಾನು.

"ಚೆನ್ನಾಗಿದ್ರೆ ಏನು ಬಂತು? ಅವನು ಊಟಕ್ಕೆ ಕೂತಾಗೆಲ್ಲ ಅದನ್ನ ನೋಡ್ಬೇಕು. ಗಂಟಲಲ್ಲಿ ಇಳಿಯುತ್ತಾ?"

ಒಂದು ವಾರ ಕಳೆಯಿತು. ಅವರ ಮನೆಯ ಕಿಟಕಿಯಿಂದ ತಟ್ಟೆಗಳ ಸದ್ದು ಬಿಟ್ಟರೆ ಮಾತು ಕೇಳುತ್ತಿರಲಿಲ್ಲ. ಎಳೆದೋಣಿ ಬರುವ ಹಿಂದಿನ ದಿನ ಬೆಳಿಗ್ಗೆ, ನಡುಗಡ್ಡೆಯ ಕಡೆಯಿಂದ ಗಡಗಡ ಸದ್ದು ಶುರುವಾಯಿತು. ನೋಡಿದರೆ ತರಕಾರಿ ಬೆಳೆಯುವ ಪೆರಾಂನ ನೀರಿನ ಪಂಪು ಲಿಯೊನೀಯ ಮೇಲೆ ಕೂತಿದೆ. ಒಂದು ಪೈಪು ನದಿಯಲ್ಲಿ, ಇನ್ನೊಂದು ದೋಣಿಯ ಹೊಟ್ಟೆಯೊಳಗೆ. ಅಶೀಲ್ ಅಂಗಿ ತೋಳು ಮಡಚಿ ಅದರ ಪಕ್ಕ ನಿಂತಿದ್ದಾನೆ.

ದಂಡೆಯ ಮೇಲೆ ಜನ ಸೇರಿದರು. ಕಾಫಿ ಅಂಗಡಿಯ ಲೂಸೆತ್ ಕೂಗಿದಳು: "ಅಶೀಲ್! ಒಡೆಯೋರಿಗೆ ಯಾಕೆ ಕೆಲಸ ಕೊಡೋದು, ನಾನೇ ಮುಳುಗಿಸ್ತೀನಿ ಅಂತಾನಾ?"

"ಬಾಯಿ ಮುಚ್ಕೊಂಡು ಒಂದು ಕಾಫಿ ಕಳಿಸು ಲೂಸೆತ್!"

"ನೀರು ಕಡಿಮೆಯಾಗಿದ್ಯಾ, ಅಲ್ಲಿರೋದನ್ನೇ ಕುಡಿ!"

ಸದ್ದು ಕೇಳಿ ರೋಲಾಂದ್ ಹೊರಗೆ ಬಂದಳು. ಕೈಯಲ್ಲಿ ಅರ್ಧ ಸುಲಿದ ಲೀಕ್, ಉದ್ದನೆಯ ಈರುಳ್ಳಿಯಂಥ ಸೊಪ್ಪು. ದಂಡೆಯ ಅಂಚಿಗೆ ಹೋಗಿ ನಿಂತಳು.

"ಏನೋ ಮಾಡ್ತಿದ್ದೀಯ ಮುದುಕಾ? ಹುಚ್ಚು ಹಿಡೀತಾ?"

ಅಶೀಲ್ ಪಂಪಿನ ಸದ್ದಿನ ಮೇಲೆ ಕೂಗಿದ: "ಕಾಣದ್ದನ್ನ ಬರೆಯಲ್ಲ ಅಂದ್ಯಲ್ಲ! ಕಾಣಿಸ್ತೀನಿ ಇರು!"

ತಗ್ಗು ಸೇತುವೆಗಳ ಕೆಳಗೆ ಖಾಲಿ ದೋಣಿ ನುಸುಳಿಸಬೇಕಾದಾಗ ಹೊಟ್ಟೆಗೆ ನೀರು ಬಿಟ್ಟು ತೂಕ ಮಾಡಿಕೊಳ್ಳುವುದು ಅವರ ಹಳೆಯ ಉಪಾಯ. ಆದರೆ ಅಂಚಿನ ತನಕ ಯಾರೂ ತುಂಬಿಸಿದ್ದಿಲ್ಲ. ರೋಲಾಂದ್ ಲೀಕನ್ನು ನನ್ನ ಕೈಗೆ ಕೊಟ್ಟು, ಬಾಯಿಗೆ ಅಂಗೈ ಹಿಡಿದು ಕೂಗಿದಳು.

"ದೋಣಿ ಮೂಗು ಮುಳುಗ್ತಿದೆ! ಹಿಂದಕ್ಕೆ ತೂಕ ಹಾಕು!"

"ಸರಪಳಿ ಎಳೀತಿದ್ದೀನಿ!"

"ಅದೊಂದು ಸಾಲದು! ನೆಲದ ಹಲಗೆ ತೇಲಿ ಬಂದಿದ್ಯಾ?"

"ಮೊದ್ಲೇ ತೆಗೆದಿದ್ದೀನಿ, ನಾನೇನು ನಿನ್ನೆ ಹುಟ್ಟಿದವನಾ?"

"ನಿನ್ನೆ ಹುಟ್ಟಿದವನಿಗೆ ಇದಕ್ಕಿಂತ ಬುದ್ಧಿ ಇರುತ್ತೆ! ಹಿಂದಕ್ಕೆ, ಹಿಂದಕ್ಕೆ! ಹಾಂ, ಈಗ ಸರಿಯಾಗಿ ಕೂತ್ಲು!"

ಹೀಗೆ ಸಂಜೆಯ ತನಕ ನಡೆಯಿತು. ಅವಳು ದಂಡೆಯಿಂದ ಕೂಗುವುದು, ಅವನು ಅಲ್ಲಿಂದ ಬೈಯುವುದು. ಕಪ್ಪು ಗೋಡೆ ಸ್ವಲ್ಪ ಸ್ವಲ್ಪವೇ ನೀರೊಳಗೆ ಇಳಿಯಿತು. ಅಂಚು ನೀರಿನಿಂದ ಒಂದು ಗೇಣಿನಷ್ಟು ಮೇಲೆ ಉಳಿದಾಗ ರೋಲಾಂದ್ ಎರಡೂ ಕೈ ಎತ್ತಿ, "ಸಾಕೋ, ಸಾಕು!" ಎಂದಳು. ಪಂಪು ನಿಂತಿತು. ದಂಡೆಯ ಮೇಲಿದ್ದ ಮುದಿ ದೋಣಿಯವರು ಒಬ್ಬರೂ ತಮಾಷೆ ಮಾಡಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಮಂಜು. ನಡುಗಡ್ಡೆಯೂ ಇಲ್ಲ, ದೋಣಿಯೂ ಇಲ್ಲ. ರೋಲಾಂದ್ ಈಸಲ್ ಹಾಕಿ, ತೆಳು ಮಣ್ಣುಬಣ್ಣ ಬಳಿದು ಒಣಗಿಸಿಟ್ಟಿದ್ದ ಕ್ಯಾನ್ವಾಸ್ ಏರಿಸಿ, ಬಣ್ಣಗಳನ್ನೆಲ್ಲ ಹಿಂಡಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅಶೀಲ್ ಅವಳಿಗೆ ಬೆನ್ನು ಮಾಡಿ, ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ನದಿಯ ಕಡೆ ಮುಖ ಹಾಕಿ ಕೂತಿದ್ದ. ಎಳೆದೋಣಿ ಮಧ್ಯಾಹ್ನಕ್ಕೆ ಬರುವುದಿತ್ತು.

ಮಂಜು ಮೇಲಿಂದ ಕರಗತೊಡಗಿತು. ಮೊದಲು ಪಾಪ್ಲರ್ ತುದಿಗಳು, ಆಮೇಲೆ ಅವುಗಳ ಬೊಡ್ಡೆ, ಕೊನೆಗೆ ನೀರು. ನಾನು ಅಷ್ಟು ವರ್ಷ ಅದೇ ಜಾಗ ಬರೆದಿದ್ದೆ, ಆದರೂ ಬೇರೆ ನದಿಯ ಮುಂದೆ ಕೂತ ಹಾಗಾಯಿತು. ಅರ್ಧ ನದಿಯನ್ನು ತಿನ್ನುತ್ತಿದ್ದ ಕಪ್ಪು ನೆರಳು ಒಂದು ಪಟ್ಟಿಯಷ್ಟಾಗಿತ್ತು. ಅದರ ಈಚೆಯಿಂದಲೇ ಮರಗಳ ಹಳದಿ ಕೆಳಮುಖವಾಗಿ ನಮ್ಮ ಕಡೆ ಇಳಿದು ಬರುತ್ತಿತ್ತು. ದೋಣಿಯ ಹಿಂದೆ, ಇಷ್ಟು ದಿನ ಅದು ಮುಚ್ಚಿಟ್ಟಿದ್ದ ನಡುಗಡ್ಡೆಯ ಹುಲ್ಲು ಇಬ್ಬನಿಯಲ್ಲಿ ಬೆಳ್ಳಗಿತ್ತು.

"ಅಯ್ಯೋ" ಎಂದಳು ರೋಲಾಂದ್, ಮೆಲ್ಲಗೆ. ಬ್ರಷ್ಷು ಎತ್ತಿಕೊಂಡಳು.

ಅವಳು ಹಾಗೆ ಬರೆದದ್ದನ್ನು ನಾನು ಮುಂಚೆ ನೋಡಿರಲಿಲ್ಲ. ಮೊದಲು ಆಕಾಶದ ಬೂದು ಮಿಶ್ರಿತ ಗುಲಾಬಿ, ಅದೇ ಬಣ್ಣ ಕೈ ಬದಲಿಸದೆ ಕೆಳಗೆ ನೀರಿಗೆ. ದೋಣಿಗೆ ನೀಲಿ ಮತ್ತು ಕಡುಗೆಂಪು ಸೇರಿದ ಒಂದೇ ಉದ್ದನೆಯ ಎಳೆತ, ಹಿಂದಿನ ತುದಿಯಿಂದ ನಡುವಿನ ತನಕ. ಮರಗಳ ಪ್ರತಿಬಿಂಬಕ್ಕೆ ಬ್ರಷ್ಷನ್ನು ಮೇಲಿಂದ ಕೆಳಕ್ಕೆ ಜಗ್ಗಿ, ಅದು ಹಸಿಯಾಗಿರುವಾಗಲೇ ನೀರಿನ ಅಲುಗಾಟಕ್ಕೆ ಅಡ್ಡಡ್ಡ ಕಡಿದಳು. ಪ್ರತಿ ಗೀಟಿಗೂ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು, ಬಣ್ಣ ಕೊಳೆಯಾಗದ ಹಾಗೆ. ಹಳದಿಯ ಪಕ್ಕ ನೇರಳೆ, ಹುಲ್ಲಿನ ಬಿಳುಪಿನ ಪಕ್ಕ ತುಸು ಹಸಿರು. ಎದ್ದು ಹಿಂದೆ ಹೋಗುವಳು, ಕಣ್ಣು ಕಿರಿದು ಮಾಡುವಳು, ಮತ್ತೆ ಬರುವಳು. ದೋಣಿಯ ಹಿಂಭಾಗದಿಂದ ಶುರುಮಾಡಿ ಮೂಗಿನ ಕಡೆ ಸಾಗುತ್ತಿದ್ದಳು.

ಎಳೆದೋಣಿ ಹೇಳಿದ್ದಕ್ಕಿಂತ ಬಹಳ ಮೊದಲೇ ಬಂತು. ಅದರ ಕ್ಯಾಪ್ಟನ್ ಬಾಬೆಟ್ ಎಂಬ ದಪ್ಪ ಮನುಷ್ಯ. ಲಿಯೊನೀಯ ಪಕ್ಕಕ್ಕೆ ಬಂದವನೇ ಕೂಗಿಕೊಂಡ.

"ಏನ್ರೀ ಇದು! ಖಾಲಿ ದೋಣಿ ಅಂದ್ರು, ಇದರಲ್ಲಿ ಸರಕಿದೆಯಲ್ಲ! ಯಾರಪ್ಪಾ ತುಂಬಿಸಿದ್ದು?"

ಅಶೀಲ್ ತೆಪ್ಪ ಹತ್ತಿ ಹೋದ. ಅವನು ಏನು ಹೇಳಿದನೋ ನಮಗೆ ಕೇಳಲಿಲ್ಲ, ಕೈ ಆಡಿಸಿದ್ದು ಮಾತ್ರ ಕಂಡಿತು. ಬಾಬೆಟ್‌ನ ಮಾತು ಕೇಳುತ್ತಿತ್ತು.

"ಚಿತ್ರನಾ? ಯಾವ ಚಿತ್ರ? ಅಣ್ಣಾ, ಕೆಳಗಿನ ತೂಬಿನ ಕಾವಲಿನವನು ನನಗೆ ಕಾಯ್ತಾ ಇದ್ದಾನೆ... ಹೋಗ್ಲಿ, ಏನಾದ್ರೂ ಕುಡಿಯೋಕಾದ್ರೂ ಇದ್ಯಾ?"

ಸೇಬಿನ ಸಾರಾಯಿಯ ಬಾಟಲು ಅಶೀಲ್‌ನ ಕೋಟಿನಿಂದ ಹೊರಬಂತು. ಬಾಬೆಟ್ ಒಂದು ಗ್ಲಾಸು ಕುಡಿದ, ಎರಡನೆಯದನ್ನು ನಿಧಾನವಾಗಿ ಕುಡಿದ. ಒಂದು ಸಲ ನಮ್ಮ ಕಡೆ ತಿರುಗಿ, ಈಸಲ್ ಮುಂದೆ ಬಗ್ಗಿದ ಮುದುಕಿಯನ್ನು ನೋಡಿ ತಲೆ ಕೆರೆದುಕೊಂಡ. ಮೂರನೆಯದಕ್ಕೆ ಗ್ಲಾಸಿನ ಮೇಲೆ ಕೈ ಅಡ್ಡ ಇಟ್ಟ. ಅವನ ಹುಡುಗರು ದೊಡ್ಡ ಪಂಪು ಇಳಿಸಿದರು. ಲಿಯೊನೀಯ ಹೊಟ್ಟೆಯ ನೀರು ದಪ್ಪ ಧಾರೆಯಾಗಿ ಮತ್ತೆ ನದಿಗೆ ಬಿತ್ತು.

ದೋಣಿ ಏಳತೊಡಗಿತು. ಒಂದು ಬೆರಳು, ಎರಡು ಬೆರಳು. ಕಪ್ಪು ಪಟ್ಟಿ ಅಗಲವಾಯಿತು, ಹಳದಿ ಹಿಂದೆ ಸರಿಯಿತು. ರೋಲಾಂದ್ ಬ್ರಷ್ಷು ಕೆಳಗಿಟ್ಟಳು. ಕ್ಯಾನ್ವಾಸಿನ ಬಲಗಡೆ, ದೋಣಿಯ ಮೂಗು ಇರಬೇಕಾದ ಕಡೆ, ಬರೀ ಮಣ್ಣುಬಣ್ಣದ ಬಟ್ಟೆ.

ಅಶೀಲ್ ತೆಪ್ಪದಲ್ಲಿ ವಾಪಸು ಬಂದು ಏದುಸಿರು ಬಿಡುತ್ತ ಅವಳ ಹಿಂದೆ ನಿಂತ. ಚಿತ್ರವನ್ನು ನೋಡಿದ. ಬಹಳ ಹೊತ್ತು ನೋಡಿದ. ಅಶೀಲ್‌ನ ಕಣ್ಣು ಮೂಗಿಲ್ಲದ ಕಡೆ ಹೋಯಿತು. ಹೆಸರು ಇರಬೇಕಾದ ಜಾಗ ಅದು. ರೋಲಾಂದ್ ಅದನ್ನು ಗಮನಿಸಿದಳು. ನದಿಯ ಕಡೆ ನೋಡದೆ, ತಲೆ ತಗ್ಗಿಸಿಕೊಂಡು, ಬ್ರಷ್ಷಿಗೆ ಮತ್ತೆ ನೀಲಿ ಹಚ್ಚಿಕೊಂಡಳು.

"ಎರಡೇ ಗೀಟು. ಹಾಕಿಬಿಡ್ತೀನಿ. ಅಷ್ಟು ನನಗೆ ಗೊತ್ತು" ಎಂದಳು. ನೋಡದೆ ಬರೆಯುತ್ತೇನೆಂಬ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಅಶೀಲ್ ಅವಳ ಮಣಿಕಟ್ಟು ಹಿಡಿದುಕೊಂಡ.

"ಬೇಡ."

"ಮೂಗಿಲ್ಲದ ದೋಣಿ ಆಗುತ್ತಲ್ಲೋ."

"ಆಗ್ಲಿ. ಅವಳು ಎದ್ದುಬಿಟ್ಟಳು, ನೀನು ನೋಡ್ತಿಲ್ಲ. ನೋಡಿದಷ್ಟು ಇದೆಯಲ್ಲ, ಸಾಕು ಬಿಡು." ಆಮೇಲೆ, "ನನಗೂ ಗೊತ್ತಿರ್ಲಿಲ್ಲ ಕಣೇ, ಅವಳು ಹೀಗೆ ಕೂರ್ತಿದ್ಲು ಅಂತ" ಎಂದ.

ಹಗ್ಗ ಬಿಚ್ಚಲು ಅವನೇ ಹೋದ. ಬಾಬೆಟ್‌ನ ಹುಡುಗರಿಗೆ ಕೈ ಹಚ್ಚಲು ಬಿಡಲಿಲ್ಲ. ಲಿಯೊನೀ ಖಾಲಿಯಾಗಿ, ಎತ್ತರವಾಗಿ, ಎಳೆದೋಣಿಯ ಹಿಂದೆ ಕವಲು ದಾಟಿ ದೊಡ್ಡ ನದಿಗೆ ಹೋಯಿತು. ರೋಲಾಂದ್ ಆ ಹೊತ್ತಿನಲ್ಲಿ ಬ್ರಷ್ಷುಗಳನ್ನು ತೊಳೆಯುತ್ತಿದ್ದಳು. ಒಂದು ಸಲ ತಲೆ ಎತ್ತಿ, "ಎಡಕ್ಕೆ ಹಿಡೀಬೇಕು ಅವನು" ಎಂದಳು, ತನ್ನಷ್ಟಕ್ಕೆ. ಎಳೆದೋಣಿ ಎಡಕ್ಕೆ ತಿರುಗಿತು.

ಹಸಿ ಚಿತ್ರವನ್ನು ಮಲಗುವ ಕೋಣೆಯ ಬೀರುವಿನ ಮೇಲೆ ಚಳಿಗಾಲವೆಲ್ಲ ಒಣಗಿಸಿ, ವಸಂತದಲ್ಲಿ ಅಡಿಗೆಮನೆಯ ಗೋಡೆಗೆ ಹಾಕಿದರು. ಫೋವೆಲ್ ಮೇಡಂ ನೋಡಿ, ಆ ಖಾಲಿ ಬಟ್ಟೆಯನ್ನು ಮುಟ್ಟಬೇಡಿ ಎಂದರು. ಯಾರೂ ಮುಟ್ಟುವುದರಲ್ಲಿರಲಿಲ್ಲ.

ಈಸ್ಟರ್ ಆದ ಮೇಲೆ ಒಂದು ಭಾನುವಾರ ನಾನು ಅಲ್ಲಿ ಊಟಕ್ಕೆ ಹೋಗಿದ್ದೆ. ಓದೆತ್ ಎಂಬ ಮುದುಕಿ ಬಂದಿದ್ದಳು, ಉತ್ತರದ ಕಾಲುವೆಗಳಲ್ಲಿ ಗಂಡನ ಜೊತೆ ದೋಣಿ ನಡೆಸಿದವಳು. ಕೋಟು ತೆಗೆಯುವ ಮುಂಚೆಯೇ ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋದಳು. ಮೂಗಿಲ್ಲದ್ದು, ಹೆಸರಿಲ್ಲದ್ದು, ಮರಗಳು ಬರೀ ಹಳದಿ ತೇಪೆಯಾಗಿದ್ದದ್ದು ಒಂದನ್ನೂ ಕೇಳಲಿಲ್ಲ. ಬೆರಳನ್ನು ಚಿತ್ರದ ನೀರಿನ ಗೆರೆಯ ಉದ್ದಕ್ಕೂ, ಮುಟ್ಟದ ಹಾಗೆ, ಸರಿಸಿದಳು.

"ಅಪ್ಪಾ, ಚೆನ್ನಾಗಿ ತುಂಬಿಸಿದ್ದೀರಿ! ಏನು ಹಾಕಿದ್ರಿ ಅಶೀಲ್, ಮರಳಾ?"

ಅಶೀಲ್ ಮೊಲದ ಸಾರನ್ನು ತಟ್ಟೆಗೆ ಬಡಿಸಿಕೊಳ್ಳುತ್ತಿದ್ದ. ಸೌಟು ಕೆಳಗಿಟ್ಟು ಬೆನ್ನು ನೇರ ಮಾಡಿದ.

"ಗೋಧಿ" ಎಂದ. "ರುವಾಂ ಬಂದರಿಗೆ."

ಒಲೆಯ ಹತ್ತಿರವಿದ್ದ ರೋಲಾಂದ್ ತಿರುಗಿ ನೋಡಲಿಲ್ಲ. "ಸಾರು ಆರುತ್ತೆ, ಬೇಗ ಕೂತ್ಕೊಳ್ಳಿ" ಎಂದಳು.